ಪಿಸ್ತೂಲಿಗೆ ಹಚ್ಚಿದ ವಿಭೂತಿ

ಬಂದೂಕು ರಿಪೇರಿ ನನ್ನ ಕಸುಬು. ಭೀಮನಬೀಡಿನ ಯಜಮಾನರೊಬ್ಬರ ಲೈಸೆನ್ಸ್ ಪಿಸ್ತೂಲಿಗಾಗಿ ಮತ್ತೆ ಚಾಮರಾಜನಗರದಿಂದ ಬಸ್ ಹತ್ತಿ ಬಂದಿದ್ದೆ. ಒಂದು ಗುಂಡು ಹಾರಿದರೆ ಮುಂದಿನದು ಮೇಲೇಳದೆ ಸಿಕ್ಕಿಕೊಳ್ಳುತ್ತಿತ್ತು.

"ಏನ್ಲಾ ನೀ ರಿಪೇರಿ ಮಾಡಿದ್ದು? ಕಾಡಂದಿ ಓಡ್ಸಕ್ಕೋಗಿ ನಾನೇ ಓಡ್ಬಂದೆ ಕಣ್ಲಾ!" ಎಂದು ರೇಗಿದರು.

ಗುಂಡು ತುಂಬುವ ಮ್ಯಾಗಜಿನ್ ಬಿಚ್ಚಿದೆ. ಒಳಗಿನ ಸ್ಪ್ರಿಂಗಿಗೆ ವಿಭೂತಿ, ಕುಂಕುಮ, ಎಣ್ಣೆ ಸೇರಿ ಗೋಂದಿನಂತೆ ಮೆತ್ತಿಕೊಂಡಿತ್ತು.

"ಆಯುಧಪೂಜೆಗೆ ಹಚ್ಚಿದ್ದು" ಎಂದರು.

"ಹೊರಗೆ ಹಚ್ಚಿ ಯಜಮಾನ್ರೇ, ಒಳಗ್ಯಾಕೆ?"

"ಕೆಲ್ಸ ಮಾಡೋದು ಒಳಗೇ ತಾನೆ?"

ಚೀಲದಿಂದ ಬ್ರಷ್ಷು ತೆಗೆದೆ. ಉಜ್ಜಿ, ಒರೆಸಿ, ಗುಂಡುಗಳು ಸರಾಗವಾಗಿ ಏರುವುದನ್ನು ತೋರಿಸಿ ಬ್ರಷ್ಷನ್ನು ಚೀಲಕ್ಕೆ ಹಾಕಿದೆ. ಯಜಮಾನರ ಮುಖ ಅರಳಿತು.

"ಇನ್ನು ಕೆಡ್ಬಾರ್ದು ಕಣಪ್ಪಾ" ಎನ್ನುತ್ತ ಮನೆಯೊಳಕ್ಕೆ ತಿರುಗಿ, "ಅಮ್ಮೀ, ವಿಭೂತಿ ಗಟ್ಟಿ ತಕ್ಕೊಂಬಾ" ಎಂದು ಮಗಳನ್ನು ಕೂಗಿದರು.

ಬ್ರಷ್ಷನ್ನು ಮತ್ತೆ ಹೊರಗೆ ತೆಗೆದೆ.