ಸೀಟಿ ಇರಬೇಕಾದ ಜೇಬು

ಎಪ್ಪತ್ತರ ದಶಕದಲ್ಲಿ ನಾನು ವಾಯುಪಡೆಯ ಸಾಮಾನು ಸಾಗಿಸುವ ವಿಮಾನವೊಂದರಲ್ಲಿ ರೇಡಿಯೋ ನೋಡಿಕೊಳ್ಳುತ್ತಿದ್ದೆ. ಸಮುದ್ರದ ಮೇಲೆ ಹಾರುವಾಗ ತೊಡುವ ಜೀವರಕ್ಷಕ ಜಾಕೀಟಿಗೇ ಒಂದು ದಪ್ಪ ನಿಯಮಪುಸ್ತಕವಿತ್ತು. ಯಾವ ಜೇಬಿನಲ್ಲಿ ಸೀಟಿ, ಯಾವುದರಲ್ಲಿ ಕನ್ನಡಿ, ಎಲ್ಲಕ್ಕೂ ಅಪ್ಪಣೆ. ಅದನ್ನು ಬರೆದ ಪುಣ್ಯಾತ್ಮ ಸ್ನಾನದ ನೀರಿಗೂ ಹೆದರುವವನಿರಬೇಕು. ಕೊರಳಲ್ಲಿ ದಾರ, ಸರ, ತಾಯಿತ ಏನೂ ಇರಕೂಡದು ಎಂದೂ ಬರೆದಿದ್ದ. ಜಾಕೀಟಿನ ಪಟ್ಟಿಗೆ ಸಿಕ್ಕಿಕೊಳ್ಳುತ್ತದಂತೆ.

ನನ್ನ ಕೊರಳಲ್ಲಿ ಲಿಂಗವಿತ್ತು. ನಾನೇನು ದೊಡ್ಡ ಶಿವಭಕ್ತನಲ್ಲ. ಪೂಜೆಗೆ ಚಕ್ಕರ್ ಹೊಡೆದು ಬೀಡಿ ಸೇದುತ್ತಿದ್ದವನು. ಆದರೆ ಅದನ್ನು ಎಂದೂ ಮೈಯಿಂದ ದೂರ ಮಾಡುವುದಿಲ್ಲ ಎಂದು ನಮ್ಮೂರು ಮಾಸೂರಿನಲ್ಲಿ ಅವ್ವನಿಗೆ ಮಾತು ಕೊಟ್ಟಿದ್ದೆ. ಅದಕ್ಕೇ ಒಂದು ಜಾಣತನ ಮಾಡಿದೆ. ಹಾರುವ ಮುನ್ನ ಸೀಟಿಯನ್ನು ಟ್ರಂಕಿಗೆ ಹಾಕಿ, ಎದೆಯ ಮೇಲೆ ಇದ್ದ ಆ ಒಂದೇ ಜೇಬಿಗೆ ಬೆಳ್ಳಿ ಕರಡಿಗೆಯ ಸಮೇತ ಲಿಂಗವನ್ನು ಸೇರಿಸುತ್ತಿದ್ದೆ. ಎರಡು ವರ್ಷ ಶಿವನೂ ಸರ್ಕಾರಿ ಸಾಮಾನಿನ ಜೊತೆ ಪುಕ್ಕಟೆ ಹಾರಾಡಿದ.

ಕೊನೆಗೆ ತಪಾಸಣೆಯಲ್ಲಿ ಸಿಕ್ಕಿಬಿದ್ದೆ. ಅಧಿಕಾರಿ ಕರಡಿಗೆಯನ್ನು ಮೇಜಿನ ಮೇಲಿಟ್ಟು, ಇದನ್ನು ಊದಿದರೆ ಸದ್ದು ಬರುತ್ತದೆಯೇ ಎಂದು ಕೇಳಿದರು. ಸೀಟಿ ಜೇಬಿಗೆ ಮರಳದಿದ್ದರೆ ಇನ್ನು ವಿಮಾನ ಹತ್ತುವಂತಿಲ್ಲ, ಊರಿಗೆ ಹೋಗಿ ಯೋಚನೆ ಮಾಡಿ ಬಾ ಎಂದು ರಜೆ ಕೊಟ್ಟರು. ಹಾರಾಟ ಬಿಡುವುದು ನನ್ನಿಂದಾಗದ ಮಾತು. ಅವ್ವನ ಮುಂದೆ ಬಾಯಿಬಿಡುವುದು ಅದಕ್ಕಿಂತ ಕಷ್ಟ.

ಹಿರೇಕೆರೂರಿನಲ್ಲಿ ಬಸ್ಸು ಬದಲಿಸಿ ಮನೆ ಮುಟ್ಟಿದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಎಲ್ಲವನ್ನೂ ಹೇಳಿ ಬೈಗುಳಕ್ಕೆ ಕಾದು ಕುಳಿತೆ.

"ಸಮುದ್ರ ನಮ್ಮ ಮದಗದ ಕೆರಿಯಷ್ಟ ಐತೇನು?"

"ಅಂಥಾ ಕೆರಿ ಅದರಾಗ ಎಲ್ಲಿ ಹೋತು ಅಂತ ಗೊತ್ತಾಗಂಗಿಲ್ಲ ಬೇ."

ಅವಳ ಕೈ ನಿಂತಿತು. ಕೆರೆಯ ದಂಡೆಯ ಮೇಲೆ ನಿಂತು ಆಳುಗಳನ್ನು ಕೂಗಿ ಗಂಟಲು ಹರಿದುಕೊಂಡವಳು ಅವಳು. ಗಾಳಿ ಎದುರಿದ್ದರೆ ಕೂಗು ಮುಟ್ಟುವುದಿಲ್ಲ ಎಂದು ಅವಳಿಗೆ ಯಾವ ಪುಸ್ತಕವೂ ಹೇಳಬೇಕಿರಲಿಲ್ಲ.

"ಸೀಟಿ ಊದಿದ್ರ ಕೇಳ್ತೈತೇನು?"

"ಕೇಳ್ತೈತಿ."

ಕೈ ತೊಳೆದು ಬಂದು ನನ್ನ ಕೊರಳಿನ ಲಿಂಗವನ್ನು ತಾನೇ ಬಿಚ್ಚಿ, ತನ್ನದರ ಪಕ್ಕ ಕಟ್ಟಿಕೊಂಡಳು. "ಇದನ್ನ ನಾ ನೋಡ್ಕೋತೇನಿ. ನೀ ಸೀಟಿ ಇಟ್ಕೋ."

ಊಟಕ್ಕೆ ಕುಳಿತೆವು. ಲಿಂಗ ಮೈಮೇಲಿಲ್ಲದೆ ನಮ್ಮ ಮನೆಯಲ್ಲಿ ಯಾರೂ ಒಂದು ಗುಟುಕು ನೀರು ಕುಡಿದವರಲ್ಲ. ಅಷ್ಟು ಬೀಡಿ ಸೇದಿದ ನನಗೂ ಆ ದಿನ ನೀರಿನ ಚರಗಿ ಎತ್ತಲಾಗಲಿಲ್ಲ.

ಅವ್ವ ಚರಗಿಯನ್ನು ನನ್ನ ಕಡೆ ಸರಿಸಿದಳು. "ಕುಡಿ," ಎಂದಳು, "ನಾ ಹೇಳಾಕತ್ತೇನಿ, ಕುಡಿ."