ಇಳಿದವರು ಓ ಎನ್ನಬೇಕು
ಉಣಕಲ್ಲಿನ ಒಂದು ಅಪಾರ್ಟ್‌ಮೆಂಟಿನಲ್ಲಿ ನೆಲದಡಿಯ ಪಾರ್ಕಿಂಗಿಗೆ ಗಾಡಿ ಇಳಿಸುವವರೆಲ್ಲ ಗುರುಸಿದ್ದಪ್ಪನವರಿಗೆ ಓಗೊಡಲೇಬೇಕು. ಜೋಳದ ವ್ಯಾಪಾರ ಬಿಟ್ಟು ಮಗನ ಮನೆಗೆ ಬಂದಾಗಿನಿಂದ ಅವರು ಇಳಿಜಾರಿನ ಮೇಲ್ತುದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. "ಗಾಳಿ ಆಡಾಕತ್ತೈತೇನ ನೋಡ್ರಿ, ಲಗೂ ಇಳೀಬ್ಯಾಡ್ರಿ" ಎನ್ನುತ್ತಾರೆ. ಜೋಳ ತುಂಬಿಡುವ ನೆಲಗುಂಡಿಯಾದ ಹಗೇವಿನ ಬಾಯಿ ತೆರೆದು, ಗಾಳಿಯಾಡಲು ಬಿಟ್ಟು, ಕಂದೀಲು ಇಳಿಸಿ, ಒಳಗಿನ ವಿಷಗಾಳಿಗೆ ಅದು ಆರದಿದ್ದರೆ ಮಾತ್ರ ಆಳು ಇಳಿಸುತ್ತಿದ್ದ ಮನೆತನ ಅವರದು. ಈಗ ಕೆಳಗಿನ ಟ್ಯೂಬ್‌ಲೈಟು ಮಿಣುಕಿದರೂ ಕುರ್ಚಿ ಬಿಟ್ಟು ಎದ್ದು ನಿಲ್ಲುತ್ತಾರೆ. ಇಳಿದವರ ಮೊಬೈಲಿಗೆ ಸಿಗ್ನಲ್ ಸಿಗದಿದ್ದರಂತೂ ಮುಗಿದೇ ಹೋಯಿತು. ರಸ್ತೆ ಅಗೆದು ಕೇಬಲ್ಲು ಹೂಳುವುದನ್ನು ಕಂಡರೆ "ನೆಲಾ ಪೊಳ್ಳ ಮಾಡಾಕತ್ತಾರ" ಎಂದು ದಾರಿಯನ್ನೇ ಬದಲಿಸುತ್ತಾರೆ. "ಕಾರ್ ನಿಲ್ಲಸಾಕ ಹೊಂಟೇನ್ರಿ, ಬಾವಿಗೆ ಬೀಳಾಕಲ್ಲ" ಎಂದು ಪಕ್ಕದ ಮನೆಯ ಎಡ್ವಿನ್ ಮಾಸ್ತರರು ಇಳಿಯುತ್ತಲೇ ನಗುತ್ತಾರೆ. ಕೆಳಗಿನಿಂದ ನಗುವಾದರೂ ಕೇಳಿಸಿತಲ್ಲ ಎಂದು ಇವರಿಗೆ ಸಮಾಧಾನ. ಸೊಸೆ ರಜನಿ ಸ್ಕೂಟಿ ಇಳಿಸಿದರೆ "ಅದೀಯೇನವಾ?" ಎಂದು ಕೂಗುತ್ತಾರೆ. ಅವಳು "ಅದೀನ್ರಿ ಮಾವಾರ" ಎಂದರೂ ಮತ್ತೆ ಕೂಗುತ್ತಾರೆ, ಇನ್ನೊಮ್ಮೆ ಕೂಗುತ್ತಾರೆ. ಮೊದಮೊದಲು ಅವಳಿಗೆ ಸಿಟ್ಟೇ ಬರುತ್ತಿತ್ತು. ಆಮೇಲೆ ಅತ್ತೆ ಹೇಳಿದರು: ಒಂದು ವರ್ಷ ಗಿರಾಕಿ ಅವಸರ ಮಾಡಿದನೆಂದು, ಮಾವ ಕಂದೀಲು ಇಳಿಸದೆ ಒಡಹುಟ್ಟಿದ ತಮ್ಮನನ್ನೇ ಹಗೇವಿಗೆ ಇಳಿಸಿದ್ದರಂತೆ. ಮೇಲಿನಿಂದ ಕೂಗಿದಾಗ ಅವನು ಎರಡೇ ಸಲ ಓ ಎಂದಿದ್ದನಂತೆ. ಈಗ ರಜನಿ, ಮಾವ ಮೂರನೆಯ ಸಲ ಬಾಯಿ ತೆರೆಯುವ ಮೊದಲೇ, ಕೆಳಗಿನ ಕತ್ತಲೆಯಿಂದ ಗಟ್ಟಿಯಾಗಿ ಓ ಎನ್ನುತ್ತಾಳೆ.