ದಾಟಿಸುತ್ತಿದ್ದ ಚೆಕಿಂಗ್ ಅಕ್ಕ

ಚೆಕಿಂಗ್ ಅಕ್ಕನ ಅಂಗೈಗೆ ಯಾವಾಗಲೂ ಒಂದೆರಡು ಕೆಂಪು ಬಾಣದ ಸ್ಟಿಕ್ಕರ್ ಅಂಟಿಕೊಂಡಿರುತ್ತಿದ್ದವು. ಕಾಮಾಕ್ಷಿಪಾಳ್ಯದ ನಮ್ಮ ಗಾರ್ಮೆಂಟ್ಸ್‌ನಲ್ಲಿ ಹೊಲಿದ ಶರ್ಟುಗಳನ್ನು ತಿರುವಿ ಮುರುವಿ ನೋಡಿ, ಹೊಲಿಗೆ ಕೆಟ್ಟ ಕಡೆ ಆ ಬಾಣ ಅಂಟಿಸುವುದು ಅವರ ಕೆಲಸ. ಸಂಜೆ ಕೈ ತೊಳೆದರೂ ಒಂದಾದರೂ ಉಳಿದೇ ಇರುತ್ತಿತ್ತು. ಅದೇ ಕೈಯನ್ನು ಎತ್ತಿ ಅವರು ಮಾಗಡಿ ರಸ್ತೆಯ ಲಾರಿಗಳನ್ನು ನಿಲ್ಲಿಸುತ್ತಿದ್ದರು.

ಚೆಕಿಂಗ್ ಚಟವನ್ನು ಫ್ಯಾಕ್ಟರಿಯಲ್ಲೇ ಬಿಟ್ಟು ಬರುವ ಹೆಂಗಸಲ್ಲ ಅವರು. ಬಸ್ಸಿನಲ್ಲಿ ಪಕ್ಕ ಕೂತವರ ರವಿಕೆಯ ತೋಳಂಚು ಮಗುಚಿ ನೋಡುತ್ತಿದ್ದರು. ನನ್ನ ತಮ್ಮನ ಮದುವೆಗೆ ಬಂದವರು ಅಕ್ಷತೆ ಹಾಕಿ ಸುಮ್ಮನೆ ಇಳಿಯಬಾರದೆ? ಮದುಮಗಳ ಬೆನ್ನು ನೋಡಿ, “ಯಾರಮ್ಮಾ ಹೊಲ್ದಿದ್ದು? ಎಲ್ಲಾ ಸುಕ್ಕು ಸುಕ್ಕು” ಅಂದುಬಿಟ್ಟರು. ಪಾಪ, ಆ ಹುಡುಗಿ ಆಮೇಲೆ ಒಂದು ಫೋಟೋಗೂ ಬೆನ್ನು ತಿರುಗಿಸಲಿಲ್ಲ.

ನಾನು ಹೆಗ್ಗನಹಳ್ಳಿಗೆ ಸೊಸೆಯಾಗಿ ಬಂದಾಗ ಹೆದರಿದ್ದು ಅತ್ತೆಗಲ್ಲ, ಆ ರಸ್ತೆಗೆ. ಫ್ಯಾಕ್ಟರಿಯಿಂದ ಬರುವ ಬಸ್ಸು ನಮ್ಮನ್ನು ಇಳಿಸುವುದು ಒಂದು ಕಡೆ, ಮನೆ ಇರುವುದು ಇನ್ನೊಂದು ಕಡೆ. ಕೆಲಸಕ್ಕೆ ಸೇರಿದ ಮೊದಲ ಸಂಜೆ ಟಿಪ್ಪರ್ ಒಂದು ಮೈಗೆ ಗಾಳಿ ಬಡಿಯುವಷ್ಟು ಹತ್ತಿರ ಹಾದುಹೋಗಿ ನನಗೆ ಜೀವ ಬಾಯಿಗೆ ಬಂದಿತ್ತು. ಅಳುತ್ತ ನಿಂತಿದ್ದವಳನ್ನು ಅಕ್ಕ ಗದರಿದರು. “ಅಳೋದು ಆಮೇಲೆ ಅಳೀವಂತೆ. ಮುಂದಿನೋಳ ಸೆರಗು ಹಿಡ್ಕೊಳೇ!”

ನಮ್ಮ ಗಾರ್ಮೆಂಟ್ಸ್ ಹೆಂಗಸರ ಪದ್ಧತಿಯೇ ಅದು. ಯಾರೂ ಒಬ್ಬೊಬ್ಬರೇ ದಾಟುವುದಿಲ್ಲ. ಬಸ್ಸಿಳಿದವರೆಲ್ಲ ಸೇರುವವರೆಗೆ ಕಾದು, ಮುಂದಿನವಳ ಸೆರಗನ್ನೋ ವೇಲನ್ನೋ ಹಿಡಿದು ಒಟ್ಟಿಗೇ ಇಳಿಯುವುದು. ಎಲ್ಲರಿಗಿಂತ ಮುಂದೆ ಅಕ್ಕ, ಕೈ ಎತ್ತಿಕೊಂಡು. “ಓಡ್ಬೇಡ್ರೇ. ಗಾಡಿ ನೋಡ್ಬೇಡಿ, ಡ್ರೈವರ್ ಮುಖ ನೋಡಿ. ನಾವು ಅವ್ನನ್ನ ನೋಡಿದ್ರೆ ಅವ್ನೂ ನಮ್ಮನ್ನ ನೋಡ್ತಾನೆ” ಅನ್ನುತ್ತಿದ್ದರು. ಯಾರಾದರೂ ಓಡಿದರೆ ಆಚೆ ದಡದಲ್ಲಿ ಅವಳಿಗೆ ಮಂಗಳಾರತಿ ಖಾತ್ರಿ.

ದಾಟಿದ ಮೇಲೆ ಅಕ್ಕ ತಪ್ಪದೆ ಮೆಡಿಕಲ್ ಸ್ಟೋರಿನ ಮೆಟ್ಟಿಲ ಮೇಲೆ ಕೂತು ನೀರು ಕುಡಿಯುತ್ತಿದ್ದರು. ಮಂಡಿ ನೋವಿರಬೇಕು ಅಂದುಕೊಂಡಿದ್ದೆ. ಒಂದು ದಿನ ನೋಡುತ್ತೇನೆ, ಬಾಟಲಿ ಹಿಡಿದ ಕೈ ಗಡಗಡ ನಡುಗುತ್ತಿತ್ತು.

“ಅಕ್ಕಾ, ನಿಮ್ಗೂ ಭಯಾನಾ?”

“ದಿನಾ ಕಣೇ. ಇವತ್ತಿಂದು ಮುಗೀತು, ನಾಳೆ ಹೆಂಗೋ ಅಂತ ಈಗ್ಲೇ ಶುರು. ಭಯ ಇಲ್ದೋಳು ನಿಮ್ಮನ್ನೆಲ್ಲಾ ಹಿಂದೆ ಕಟ್ಕೊಂಡು ನುಗ್ಗಿದ್ರೆ ಏನ್ ಗತಿ?”

ಆ ಮಾತಿನಿಂದ ನನಗೆ ಧೈರ್ಯವೇನೂ ಬರಲಿಲ್ಲ. ಇದ್ದಬದ್ದ ಧೈರ್ಯವೂ ಹೋಯಿತು.

ಆಮೇಲೆ ರಸ್ತೆಯ ಮಾತು ಎದ್ದಿತು. ಮಾಗಡಿಯ ಕಡೆಗೆ ಬೆಟ್ಟ, ಕೆರೆಗಳ ಸುತ್ತ ರೆಸಾರ್ಟುಗಳೂ ತೋಟದ ಮನೆಗಳೂ ತುಂಬಿಕೊಂಡಿದ್ದವು. ಶನಿವಾರ ಬಂದರೆ ಅಲ್ಲಿಗೆ ಹೊರಟ ಕಾರುಗಳು ನಮ್ಮಲ್ಲಿ ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿದ್ದವು. ಅದಕ್ಕೆ ರಸ್ತೆ ಅಗಲ ಮಾಡಿ, ಸಿಗ್ನಲ್ಲುಗಳನ್ನೆಲ್ಲ ತೆಗೆದು, ನಡುವೆ ಗೋಡೆ ಎಬ್ಬಿಸಿ, ಎಲ್ಲೂ ನಿಲ್ಲದೆ ಹೋಗುವಂತೆ ಮಾಡುತ್ತಾರಂತೆ. ನಮ್ಮ ಮನೆಯಲ್ಲೇ ಇದಕ್ಕೆ ಎರಡು ಪಾರ್ಟಿ. ನನ್ನ ಗಂಡ ಓಡಿಸುವುದು ಕ್ಯಾಬ್.

“ರೋಡಾದ್ರೆ ದಿನಕ್ಕೆ ಎರಡು ಸಲ ರೆಸಾರ್ಟಿಗೆ ಹೋಗ್ಬರ್ಬೋದು ಕಣೇ” ಅಂದರು.

“ಹೋಗ್ಬನ್ನಿ. ನಾನು ಬಸ್‌ಸ್ಟಾಪಲ್ಲೇ ಇರ್ತೀನಿ, ಊಟ ಅಲ್ಲಿಗೇ ತಂದ್ಕೊಡಿ” ಅಂದೆ.

ಅವರದೂ ತಪ್ಪಲ್ಲ. ಆ ಟ್ರಿಪ್ಪುಗಳಿಂದಲೇ ನಮ್ಮ ಬಾಡಿಗೆ ಹೋಗುತ್ತಿತ್ತು. ಆದರೆ ನನಗೆ ರಾತ್ರಿ ಕಣ್ಣು ಮುಚ್ಚಿದರೆ ನಿಲ್ಲದೆ ಬರುವ ಗಾಡಿಗಳೇ ಕಾಣುತ್ತಿದ್ದವು.

ರಸ್ತೆ ಇಲಾಖೆಯವರು ಕಲ್ಯಾಣ ಮಂಟಪದಲ್ಲಿ ಸಭೆ ಕರೆದರು. ತೋಟದ ಮನೆಯವರೊಬ್ಬರು, ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೂ ಸೇರಲಾಗುವುದಿಲ್ಲ ಎಂದು ನೊಂದುಕೊಂಡರು. ಹಾರ್ಡ್‌ವೇರ್ ಅಂಗಡಿಯವರು, ನಮ್ಮ ಅಂಗಡಿಯ ಮುಂದೆ ಗಾಡಿ ನಿಲ್ಲದಿದ್ದರೆ ನಾವು ತಿನ್ನುವುದೇನು ಎಂದು ಕೂಗಾಡಿದರು. ನಾವು ಹೆಂಗಸರೆಲ್ಲ ಅಕ್ಕನನ್ನು ಮುಂದೆ ತಳ್ಳಿದೆವು. ಲಾರಿ ನಿಲ್ಲಿಸುವವರಿಗೆ ಮೈಕ್ ಯಾವ ಲೆಕ್ಕ ಅಂದುಕೊಂಡಿದ್ದೆವು. ಮೈಕ್ ಹಿಡಿದ ಅಕ್ಕ ಅದನ್ನು ಶರ್ಟಿನಂತೆ ತಿರುವಿ ಮುರುವಿ ನೋಡಿದರು. ಹೊರಬಂದದ್ದು ಒಂದೇ ಮಾತು.

“ದಾಟೋದು ಎಲ್ಲಿ ಸಾರ್?”

“ಪ್ಲಾನಿನಲ್ಲಿ ಮೇಲಿಂದ ದಾಟೋಕೆ ಸ್ಕೈವಾಕ್ ಇದೆಯಮ್ಮಾ, ಅದು ಮುಂದಿನ ಹಂತದಲ್ಲಿ ಬರುತ್ತೆ” ಎಂದು ಅಧಿಕಾರಿ ನಯವಾಗಿಯೇ ಹೇಳಿದರು.

ಅಕ್ಕ ಬಂದು ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದುಕೊಂಡರು. “ಅವ್ರು ನನ್ನ ಮುಖಾನೇ ನೋಡ್ಲಿಲ್ಲ ಕಣೇ” ಅಂದರು.

ಕೆಲಸ ಶುರುವಾಯಿತು. ಮುಂದಿನ ಸರ್ಕಲ್ಲಿನ ಸಿಗ್ನಲ್ಲು ಹೋಯಿತು, ಗೋಡೆ ಎದ್ದಿತು. ನಮ್ಮ ಸ್ಟಾಪಿನ ಎದುರು ಮಾತ್ರ ಇನ್ನೂ ಮುಚ್ಚದ ಒಂದು ಸಂದು ಉಳಿದಿತ್ತು. ಅಕ್ಕ ಅದರಲ್ಲೇ ನಮ್ಮನ್ನು ದಾಟಿಸುತ್ತಿದ್ದರು. ಗಾಡಿಗಳು ಈಗ ಬರುತ್ತಿರಲಿಲ್ಲ, ಹಾರುತ್ತಿದ್ದವು. ಮೆಟ್ಟಿಲ ಮೇಲೆ ಅಕ್ಕ ಕೂರುವ ಹೊತ್ತು ದಿನದಿನಕ್ಕೆ ಹೆಚ್ಚಾಯಿತು. “ಈ ರೋಡು ನನ್ನ ತಿನ್ನಲ್ಲ ಬಿಡು, ಅದರ ಚಿಂತೆ ತಿನ್ನುತ್ತೆ” ಎಂದು ಒಮ್ಮೆ ನಕ್ಕರು. ನನಗೆ ನಗು ಬರಲಿಲ್ಲ.

ಹಾಗೇ ಆಯಿತು. ಒಂದು ಶನಿವಾರ ಬೆಳಗಿನ ಜಾವ, ಮನೆಯಲ್ಲೇ, ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

ಮಣ್ಣು ಮಾಡುವ ಜಾಗ ಇರುವುದು ರಸ್ತೆಯ ಆಚೆ. ಚರಂಡಿಗೆ ಅಗೆದ ನಮ್ಮ ಗಲ್ಲಿಗೆ ವ್ಯಾನ್ ಬರುವಂತಿರಲಿಲ್ಲ. ಚಟ್ಟವನ್ನು ಹೆಗಲ ಮೇಲೆಯೇ ತಂದರು. ಹೆಗಲು ಕೊಟ್ಟವರಲ್ಲಿ ನನ್ನ ಗಂಡನೂ ಇದ್ದರು. ಹೆಂಗಸರು ಗಲ್ಲಿಯ ತುದಿಯಿಂದ ಹಿಂದಿರುಗುವುದು ನಮ್ಮಲ್ಲಿ ವಾಡಿಕೆ. ಆದರೆ ಚಟ್ಟ ರಸ್ತೆಯ ಅಂಚಿನಲ್ಲೇ ನಿಂತುಬಿಟ್ಟಿತು. ಗಂಡಸರು ಕೂಗಿದರು, ಟವೆಲ್ ಬೀಸಿದರು. ಒಂದು ಗಾಡಿಯೂ ನಿಲ್ಲಲಿಲ್ಲ. ನಮ್ಮೆಲ್ಲರನ್ನೂ ದಾಟಿಸಿದ ಅಕ್ಕ ಬಿಸಿಲಲ್ಲಿ ಹಾಗೇ ಕಾಯುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಕೈ ಎತ್ತಿಕೊಂಡು ರಸ್ತೆಗೆ ಇಳಿದೆ.

“ಏಯ್, ಬೇಡ ಕಣೇ!” ಗಂಡ ಕೂಗಿದರು.

ನಾನು ಓಡಲಿಲ್ಲ. ಗಾಡಿ ನೋಡಲಿಲ್ಲ. ಬಸ್ಸಿನ ಡ್ರೈವರ್ ಒಬ್ಬರ ಮುಖ ನೋಡಿದೆ, ಬಸ್ಸು ನಿಂತಿತು. ಗೋಡೆಯ ಸಂದು ದಾಟಿದರೆ ಆ ಕಡೆಯದು ರೆಸಾರ್ಟಿಗೆ ಹೊರಟ ಕಾರುಗಳ ಸಾಲು. ಮುಂದಿನ ಕಾರಿನಲ್ಲಿ ಗಂಡ ಹೆಂಡತಿ, ಹಿಂದೆ ಈಜುವ ಟ್ಯೂಬ್ ಕತ್ತಿಗೆ ಹಾಕಿಕೊಂಡ ಮಕ್ಕಳು. ಓಡಿಸುತ್ತಿದ್ದವನ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ನನ್ನಷ್ಟೇ ಹೆದರಿದ್ದ ಅವನೂ. ಬ್ರೇಕ್ ಕಿರುಚಿತು. ಅಕ್ಕ ನನ್ನ ಹಿಂದಿನಿಂದ ಹಾದು ದಾಟಿಹೋದರು.

ಚಟ್ಟ ತಿರುವಿನಲ್ಲಿ ಮರೆಯಾದ ಮೇಲೆ ತಿರುಗಿ ನೋಡುತ್ತೇನೆ, ನಮ್ಮ ಗಾರ್ಮೆಂಟ್ಸ್ ಹೆಂಗಸರೆಲ್ಲ ನನ್ನ ಹಿಂದೆಯೇ ಬಂದುಬಿಟ್ಟಿದ್ದಾರೆ. ನಿಂತಿದ್ದದ್ದು ದಿನವೂ ಬಸ್ಸಿಳಿಯುವ ಜಾಗದಲ್ಲೇ. ಮನೆ ಆಚೆ ಕಡೆ. ಗಾಡಿಗಳು ಮತ್ತೆ ಹಾರತೊಡಗಿದ್ದವು. ನನಗೆ ಅಲ್ಲೇ ಕೂತು ಅಳಬೇಕೆನಿಸಿತು. ಅಷ್ಟರಲ್ಲಿ ಹಿಂದಿನಿಂದ ಯಾರೋ ನನ್ನ ಸೆರಗು ಹಿಡಿದುಕೊಂಡರು.

ಅಳೋದು ಆಮೇಲೆ ಅಂದುಕೊಂಡು ಕೈ ಎತ್ತಿದೆ. ಆಚೆ ದಾಟಿದ ಮೇಲೆ ಮೆಡಿಕಲ್ ಸ್ಟೋರಿನ ಮೆಟ್ಟಿಲ ಮೇಲೆ ಕೂತೆ. ಅಂಗಡಿಯವರು ಏನೂ ಕೇಳದೆ ನೀರಿನ ಬಾಟಲಿ ತಂದುಕೊಟ್ಟರು.